ಗಾಳಿಯನ್ನು ಹಿಂದೆ ಹಾಕುವ ದೋಣಿ

ತುಂಗಭದ್ರೆಯ ದಂಡೆಯ ಊರುಗಳಲ್ಲಿ ಹರಿಗೋಲನ್ನು ಕಾಣದವರು ವಿರಳ. ಬಿದಿರಿನಿಂದ ಹೆಣೆದ ದುಂಡು ಬುಟ್ಟಿ. ಅದರ ಹೊರಮೈಗೆ ಹಿಂದಿನ ಕಾಲದಲ್ಲಿ ತೊಗಲು, ಈಗ ಪ್ಲಾಸ್ಟಿಕ್ ಹಾಳೆ. ಹುಟ್ಟು ಹಾಕುವ ಅಂಬಿಗನ ಕೈಚಳಕವಿಲ್ಲದಿದ್ದರೆ ಅದು ನಿಂತಲ್ಲಿಯೇ ಬುಗುರಿಯಂತೆ ಸುತ್ತುತ್ತದೆ. ಅದರಲ್ಲಿ ಕುಳಿತು ಕೊಡೆಯನ್ನು ಬಿಚ್ಚಿ ಹಿಡಿದರೆ ಗಾಳಿ ಹೋದತ್ತ ಹರಿಗೋಲೂ ಹೋದೀತು. ಆದರೆ ಗಾಳಿಗಿಂತ ಬೇಗ ಹೋಗದು, ಗಾಳಿಯ ಎದುರಿಗಂತೂ ಹೋಗಲಾರದು. ತಳ್ಳುವವನನ್ನು ಹಿಂದೆ ಹಾಕಿ ತಳ್ಳಿಸಿಕೊಳ್ಳುವವನು ಮುಂದೆ ಹೋಗುವುದುಂಟೆ ಎಂದು ಯಾರಾದರೂ ಕೇಳಿಯಾರು.

ಹೋಗುವುದುಂಟು. ಐದು ಮೀಟರಿಗಿಂತ ಉದ್ದವಿಲ್ಲದ, ಯಂತ್ರವಿಲ್ಲದ, ಹುಟ್ಟೂ ಇಲ್ಲದ ಪುಟ್ಟ ಹಾಯಿದೋಣಿಯೊಂದು ಗಂಟೆಗೆ 18 ಕಿಲೋಮೀಟರು ಬೀಸುವ ಗಾಳಿಯಲ್ಲಿ ಅದಕ್ಕಿಂತಲೂ ಬೇಗ ಓಡಬಲ್ಲುದು. ಇಂಥ ದೋಣಿಗಳಿಗೆ ಡಿಂಗಿ ಎಂದು ಹೆಸರು. ಈ ಹೆಸರು ನಮ್ಮ ದೇಶದ್ದೇ: ಬಂಗಾಳದ ಹೊಳೆಗಳ ಸಣ್ಣ ದೋಣಿಯ ಹೆಸರನ್ನು ಆಂಗ್ಲರು ಎತ್ತಿಕೊಂಡು ಹೋದರು. ಆ ಹೆಸರು ಹೊತ್ತ ಪಂದ್ಯದ ದೋಣಿ ಇಂದು ಒಲಿಂಪಿಕ್ ಕ್ರೀಡೆಗಳಲ್ಲಿದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ‘49ಈಆರ್’ ಎಂಬ ಅತಿವೇಗದ ಡಿಂಗಿಯನ್ನು ಭಾರತದ ಪರವಾಗಿ ನಡೆಸಿದ ಇಬ್ಬರಲ್ಲಿ ಒಬ್ಬರು ಕೊಡವ ಮನೆತನದ ಕೇಳಪಂಡ ಚೆಂಗಪ್ಪ ಗಣಪತಿ, ಚೆನ್ನೈನಲ್ಲಿ ಪಳಗಿದವರು. ಅವರ ಜೊತೆಗಾರ ವರುಣ್ ಠಕ್ಕರ್. ಇದೇ ಜೋಡಿ 2018ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಕಂಚು ಗೆದ್ದಿತ್ತು. ಟೋಕಿಯೋದಲ್ಲಿ 19 ಜೋಡಿಗಳ ನಡುವೆ ಅವರಿಗೆ ದೊರೆತುದು 17ನೆಯ ಸ್ಥಾನ.

ಈ ದೋಣಿ ಗಾಳಿಯನ್ನು ಹೇಗೆ ಹಿಂದೆ ಹಾಕುತ್ತದೆ? ಅದು ಈ ರೂಪಕ್ಕೆ ಹೇಗೆ ಬೆಳೆಯಿತು? ಘಟ್ಟದ ಮೇಲಿನ ನಮ್ಮಂಥ ಊರುಗಳ ಹುಡುಗ ಹುಡುಗಿಯರು ಇದನ್ನು ಕಲಿಯಬಯಸಿದರೆ ಎಲ್ಲಿಂದ ತೊಡಗಬೇಕು? ಈ ಮೂರು ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ. ಉತ್ತರಕ್ಕೆ ಬೇಕಾದುದು ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನವಷ್ಟೆ.

ಹುಣಿಸೆ ಬೀಜದ ಪಾಠ

ಒದ್ದೆಯಾದ ಹುಣಿಸೆ ಬೀಜವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿರಿ. ಅದು ಚಿಮ್ಮಿ ಮುಂದಕ್ಕೆ ಹಾರುತ್ತದೆ. ಎರಡು ಬೆರಳುಗಳೂ ಪಕ್ಕದಿಂದ ಒತ್ತಿದುವೇ ಹೊರತು ಯಾವುದೂ ಮುಂದಕ್ಕೆ ತಳ್ಳಲಿಲ್ಲ. ಆದರೂ ಬೀಜದ ಓರೆಯಾದ ಮೈಯಿಂದಾಗಿ ಎರಡು ಬಲಗಳ ಮೊತ್ತ ಮುಂದಕ್ಕೆ ತಿರುಗಿತು.

ಹಾಯಿದೋಣಿ ನಡೆಯುವುದೂ ಹೀಗೆಯೇ. ಒಂದು ಬೆರಳು ಗಾಳಿ, ಇನ್ನೊಂದು ಬೆರಳು ನೀರು. ಹಾಯಿ ಎಂಬುದು ಗಾಳಿ ತುಂಬಿಕೊಳ್ಳುವ ಚೀಲವಲ್ಲ, ನಿಲ್ಲಿಸಿದ ರೆಕ್ಕೆ. ಅದರ ಬಾಗಿದ ಎರಡು ಮೈಗಳ ಮೇಲೆ ಗಾಳಿ ತಿರುಗಿ ಹರಿಯುವಾಗ ಒಂದು ಕಡೆ ಒತ್ತಡ ಕುಗ್ಗಿ, ಇನ್ನೊಂದು ಕಡೆ ಹಿಗ್ಗಿ, ಹಾಯಿಗೆ ಹೆಚ್ಚುಕಡಮೆ ಲಂಬವಾದ ಬಲವೊಂದು ಹುಟ್ಟುತ್ತದೆ. ಈ ಬಲದಲ್ಲಿ ದೊಡ್ಡ ಪಾಲು ದೋಣಿಯನ್ನು ಪಕ್ಕಕ್ಕೆ ನೂಕುವಂಥದು. ಸಣ್ಣ ಪಾಲು ಮುಂದಕ್ಕೆ ಒಯ್ಯುವಂಥದು. ಪಕ್ಕಕ್ಕೆ ಜಾರುವುದನ್ನು ತಡೆಯಲು ದೋಣಿಯ ನಡುವಿನ ಸೀಳಿನಿಂದ ಒಂದು ತೆಳುವಾದ ಹಲಗೆಯನ್ನು ನೀರಿನೊಳಕ್ಕೆ ಇಳಿಬಿಟ್ಟಿರುತ್ತಾರೆ. ಇದನ್ನು ನಡುಹಲಗೆ ಎನ್ನೋಣ. ನೀರು ಈ ಹಲಗೆಯನ್ನು ಎದುರು ಪಕ್ಕದಿಂದ ಒತ್ತುತ್ತದೆ. ಪಕ್ಕದ ಬಲಗಳೆರಡೂ ಒಂದನ್ನೊಂದು ಕಳೆದುಕೊಂಡ ಮೇಲೆ ಉಳಿಯುವುದು ಮುಂದಿನ ಬಲ. ಹುಣಿಸೆ ಬೀಜ ಹಾರಿತು!

ಹರಿಗೋಲಿಗೆ ಹಾಯಿ ಕಟ್ಟಿದರೂ ಅದೇಕೆ ಗಾಳಿ ಬಂದತ್ತಲೇ ಕೊಚ್ಚಿಹೋಗುವುದೆಂಬುದು ಈಗ ಸ್ಪಷ್ಟ. ಅದಕ್ಕೆ ನಡುಹಲಗೆಯಿಲ್ಲ, ಎರಡನೆಯ ಬೆರಳೇ ಇಲ್ಲ. ನಡುಹಲಗೆಯುಳ್ಳ ದೋಣಿ ಗಾಳಿಯ ದಿಕ್ಕಿಗೆ ಸುಮಾರು 45 ಡಿಗ್ರಿ ಕೋನದವರೆಗೂ ಎದುರಾಗಿ ಹೋಗಬಲ್ಲುದು. ನೇರ ಎದುರಿಗೆ ಮಾತ್ರ ಆಗದು. ಆದುದರಿಂದ ಗಾಳಿಯ ಕಡೆಗೆ ಹೋಗಬೇಕಾದಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಕಡಿದಾದ ಗುಡ್ಡವನ್ನು ಏರುವ ಬಂಡಿದಾರಿಯಂತೆ ಅಂಕುಡೊಂಕಾಗಿ ಸಾಗುತ್ತಾರೆ.

ಓಡಿದಷ್ಟೂ ಹೆಚ್ಚುವ ಗಾಳಿ

ಗಾಳಿಯಿಲ್ಲದ ದಿನವೂ ಸೈಕಲ್ ಸವಾರನ ಮುಖಕ್ಕೆ ಗಾಳಿ ಬಡಿಯುತ್ತದೆ. ಅವನ ಓಟದಿಂದ ಹುಟ್ಟಿದ ಗಾಳಿ ಅದು. ದೋಣಿಯ ಹಾಯಿಗೆ ತಗಲುವುದು ಬೀಸುವ ಗಾಳಿ ಮತ್ತು ಓಟದ ಗಾಳಿ ಎರಡೂ ಕೂಡಿದ ಗಾಳಿ. ತರಗತಿಯಲ್ಲಿ ಸಮಾಂತರ ಚತುರ್ಭುಜದ ನಿಯಮವನ್ನು ಬರಿಯ ಗೆರೆಗಳಿಂದ ಕಲಿಸಿದಾಗ ಬೇಸರಪಡುವ ವಿದ್ಯಾರ್ಥಿಗಳಿಗೆ ನಾವು ಈ ಲೆಕ್ಕವನ್ನು ಕೊಡುವುದುಂಟು.

ಗಾಳಿ ದೋಣಿಯ ಪಕ್ಕದಿಂದ, ಲಂಬವಾಗಿ, ಗಂಟೆಗೆ 18 ಕಿ.ಮೀ. ಬೀಸುತ್ತಿದೆಯೆನ್ನೋಣ. ದೋಣಿಯೂ 18 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಹಾಯಿಗೆ ತಗಲುವ ಗಾಳಿಯ ವೇಗ ಸುಮಾರು 25 ಕಿ.ಮೀ.; ಅದು ಬರುವುದು ಮುಂದಿನಿಂದ, 45 ಡಿಗ್ರಿ ಓರೆಯಾಗಿ. ದೋಣಿಯ ವೇಗ 27 ಕಿ.ಮೀ.ಗೆ ಏರಿದರೆ ಹಾಯಿಯ ಗಾಳಿ 32 ಕಿ.ಮೀ. ಮೀರುತ್ತದೆ, ಕೋನ ಸುಮಾರು 34 ಡಿಗ್ರಿಗೆ ಇಳಿಯುತ್ತದೆ. ಗಾಳಿಯ ಬಲವು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ನಿಂತ ದೋಣಿಗೆ ದೊರೆಯುವ ಬಲಕ್ಕಿಂತ ಮೂರು ಪಟ್ಟಿಗೂ ಮಿಕ್ಕ ಬಲ ಈಗ ಹಾಯಿಗೆ ದೊರೆಯುತ್ತದೆ. ಓಡಿದಷ್ಟೂ ಗಾಳಿ ಹೆಚ್ಚುತ್ತದೆ. ಗಾಳಿ ಹೆಚ್ಚಿದಷ್ಟೂ ಓಟ ಹೆಚ್ಚುತ್ತದೆ.

ಹಾಗಾದರೆ ಇದಕ್ಕೆ ಕೊನೆಯಿಲ್ಲವೇ? ಇದೆ. ಓಟ ಹೆಚ್ಚಿದಂತೆ ಗಾಳಿ ಮುಂದುಮುಂದಕ್ಕೆ ಸರಿಯುವುದರಿಂದ ಹಾಯಿಯ ಬಲದಲ್ಲಿ ಮುನ್ನಡೆಸುವ ಪಾಲು ಕುಗ್ಗುತ್ತದೆ. ನೀರಿನ ಮತ್ತು ಗಾಳಿಯ ತಡೆ ಬೆಳೆಯುತ್ತದೆ. ಎರಡೂ ಸರಿಸಮವಾದಲ್ಲಿ ವೇಗ ನಿಲ್ಲುತ್ತದೆ. ಆದುದರಿಂದ ತಡೆಯನ್ನು ಯಾರು ಎಷ್ಟು ಕಡಮೆ ಮಾಡಿದರೋ ಅವರು ಅಷ್ಟು ಬೇಗ ಓಡಿದರು. ಅತಿವೇಗದ ಡಿಂಗಿಯ ಇತಿಹಾಸವೆಲ್ಲ ಈ ಒಂದು ವಾಕ್ಯದಲ್ಲಿ ಅಡಗಿದೆ.

ಇದು ದೂರದ ಮಾತೆನಿಸಿದರೆ ಗದಗ, ಚಿತ್ರದುರ್ಗಗಳ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಬಹುದು. ಅವುಗಳ ಅಲಗಿನ ತುದಿ ಗಾಳಿಯ ವೇಗದ ಆರೇಳು ಪಟ್ಟು ವೇಗದಲ್ಲಿ ಸುತ್ತುತ್ತದೆ. ಅಲಗು ಗಾಳಿಯೊಡನೆ ಹೋಗದೆ ಗಾಳಿಗೆ ಅಡ್ಡವಾಗಿ ಹೋಗುವುದೇ ಅದರ ಗುಟ್ಟು. ಹಾಯಿಯೂ ಅಂಥದೇ ಅಲಗು. ಅಚ್ಚಿಗೆ ಸಿಕ್ಕಿ ಸುತ್ತುವ ಬದಲು ನೀರಿನ ಮೇಲೆ ನೇರವಾಗಿ ಸಾಗುತ್ತದೆ. ಗಾಳಿಯೊಡನೆ ನೇರವಾಗಿ ಹೋಗುವ ದೋಣಿ ಎಂದಿಗೂ ಗಾಳಿಯನ್ನು ಮೀರದು. ಅದಕ್ಕಾಗಿಯೇ ಅತಿವೇಗದ ಡಿಂಗಿಗಳು ಗಾಳಿಯ ದಿಕ್ಕಿಗೆ ಹೋಗುವಾಗಲೂ ಅಡ್ಡಡ್ಡಲಾಗಿ ಅಂಕುಡೊಂಕಿನಲ್ಲಿಯೇ ಓಡುತ್ತವೆ.

ನೀರು ಕಟ್ಟುವ ದಿಬ್ಬ

ತಡೆಗಳಲ್ಲೆಲ್ಲ ಹಿರಿದು ನೀರಿನ ತಡೆ. ದೋಣಿ ಚಲಿಸುವಾಗ ಅದರ ಮೂತಿಯಲ್ಲಿ ಒಂದು ಅಲೆ ಏಳುತ್ತದೆ. ನೀರಿನ ಅಲೆಗೆ ತನ್ನದೇ ಆದ ಕಟ್ಟಳೆಯಿದೆ: ಉದ್ದವಾದ ಅಲೆ ಬೇಗ ಹೋಗುತ್ತದೆ, ಗಿಡ್ಡ ಅಲೆ ಮೆಲ್ಲಗೆ ಹೋಗುತ್ತದೆ. ಅಲೆಯ ಉದ್ದವನ್ನು ಮೀಟರಿನಲ್ಲಿ ಅಳೆದು ಅದರ ವರ್ಗಮೂಲವನ್ನು 1.25ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಮೀಟರು ವೇಗವೆಂಬುದು ತಿಳಿಯುತ್ತದೆ. ದೋಣಿಯ ವೇಗ ಹೆಚ್ಚಿದಂತೆ ಅದು ಎಬ್ಬಿಸಿದ ಅಲೆಯೂ ಉದ್ದವಾಗುತ್ತ ಬಂದು, ಕೊನೆಗೆ ಅಲೆಯ ಉದ್ದವೂ ದೋಣಿಯ ಉದ್ದವೂ ಒಂದಾಗುತ್ತವೆ. ಆಗ ದೋಣಿಯ ಮೂತಿ ಒಂದು ಅಲೆಯ ನೆತ್ತಿಯ ಮೇಲೆ, ಹಿಂಭಾಗ ಮುಂದಿನ ನೆತ್ತಿಯ ಮೇಲೆ. ಇನ್ನೂ ವೇಗ ಬೇಕೆಂದರೆ ಹಿಂಭಾಗ ತಗ್ಗಿಗಿಳಿಯುತ್ತದೆ. ತಾನೇ ಕಟ್ಟಿದ ನೀರಿನ ದಿಬ್ಬವನ್ನು ದೋಣಿ ತಾನೇ ಹತ್ತಬೇಕಾಗುತ್ತದೆ.

ಈ ಲೆಕ್ಕದಂತೆ 4.9 ಮೀಟರು ಉದ್ದದ ದೋಣಿಗೆ ಎದುರಾಗುವ ಗಡಿ ಗಂಟೆಗೆ ಸುಮಾರು 10 ಕಿ.ಮೀ.; 49 ಮೀಟರಿನ ಹಡಗಿಗೆ ಸುಮಾರು 31 ಕಿ.ಮೀ. ಸಣ್ಣ ದೋಣಿ ದೊಡ್ಡ ಹಡಗಿಗಿಂತ ನಿಧಾನವೆಂದು ಹಿಂದಿನವರು ನಂಬಿದ್ದುದು ಇದರಿಂದಲೇ. ಹಡಗುಗಳು ಎಬ್ಬಿಸುವ ಅಲೆಗಳ ತಡೆಯನ್ನು 19ನೆಯ ಶತಮಾನದಲ್ಲಿ ಕ್ರಮವಾಗಿ ಅಳೆದವನು ಇಂಗ್ಲೆಂಡಿನ ವಿಲಿಯಂ ಫ್ರೌಡ್. ಟಾರ್ಕಿ ಎಂಬ ಊರಿನಲ್ಲಿ ಉದ್ದನೆಯ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿ, ಅದರಲ್ಲಿ ಹಡಗಿನ ಪುಟ್ಟ ಮಾದರಿಗಳನ್ನು ಎಳೆಸಿ ಅವನು ಪ್ರಯೋಗ ನಡೆಸಿದನು.

ದಿಬ್ಬವನ್ನು ದಾಟುವ ಉಪಾಯ ಮಕ್ಕಳ ಆಟದಲ್ಲಿಯೇ ಇದೆ. ಚಪ್ಪಟೆಯಾದ ಬಿಲ್ಲೆಗಲ್ಲನ್ನು ಕೆರೆಯ ನೀರಿನ ಮೇಲೆ ಓರೆಯಾಗಿ ಬೀಸಿ ಎಸೆದರೆ ಅದು ಮುಳುಗದೆ ಪುಟಿಯುತ್ತ ಹೋಗುತ್ತದೆ. ಕಲ್ಲು ತೇಲುವ ವಸ್ತುವಲ್ಲ. ಅದನ್ನು ಎತ್ತಿಹಿಡಿದುದು ವೇಗ. ಹಾಗೆಯೇ ಹಗುರವಾದ, ಹಿಂಭಾಗದ ತಳ ಚಪ್ಪಟೆಯಾದ ದೋಣಿಗೆ ಸಾಕಷ್ಟು ಬಲ ದೊರೆತರೆ ಅದು ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೇರಿ ಜಾರತೊಡಗುತ್ತದೆ. ಆಗ ಅಲೆಯ ಕಟ್ಟಳೆ ಅದನ್ನು ಹಿಡಿದಿಡಲಾರದು.

ಇದನ್ನು ಪಂದ್ಯದಲ್ಲಿ ಜಗತ್ತಿಗೆ ತೋರಿಸಿದವನು ಇಂಗ್ಲೆಂಡಿನ ದೋಣಿಗಾರ ಉಫಾ ಫಾಕ್ಸ್. 1928ರಲ್ಲಿ ಅವನು ಕಟ್ಟಿದ ‘ಅವೆಂಜರ್’ ಎಂಬ 14 ಅಡಿಯ ಡಿಂಗಿ ಆ ವರ್ಷ 57 ಪಂದ್ಯಗಳಲ್ಲಿ 52ನ್ನು ಗೆದ್ದಿತು. ಎರಡರಲ್ಲಿ ಎರಡನೆಯದಾಗಿ, ಮೂರರಲ್ಲಿ ಮೂರನೆಯದಾಗಿ ಬಂದಿತು. ಅದರ ಮುಂಭಾಗ ಚೂಪು. ಹಿಂಭಾಗದ ತಳ ಹರವಾದುದು. ಅಲ್ಲಿಂದಾಚೆಗೆ ಪಂದ್ಯದ ಡಿಂಗಿ ಎಂದರೆ ನೀರಿನ ಮೇಲೆ ಜಾರುವ ದೋಣಿ ಎಂದೇ ಆಯಿತು.

ಮನುಷ್ಯನೇ ತೂಕದ ಕಲ್ಲು

ಹಾಯಿಯ ಬಲ ಹೆಚ್ಚಿಸಬೇಕಾದರೆ ಹಾಯಿಯನ್ನು ದೊಡ್ಡದು ಮಾಡಿದರಾಯಿತಲ್ಲ ಎಂದು ತೋರಬಹುದು. ಆದರೆ ಹಾಯಿಯ ಪಕ್ಕದ ಬಲ ಎತ್ತರದಲ್ಲಿ ವರ್ತಿಸುವುದರಿಂದ ಅದು ದೋಣಿಯನ್ನು ಮಗುಚಹಾಕುತ್ತದೆ. ದೊಡ್ಡ ಹಡಗುಗಳು ಇದನ್ನು ತಡೆಯಲು ತಳದಲ್ಲಿ ಸೀಸದ ಭಾರವನ್ನು ಹೊರುತ್ತವೆ. ಭಾರ ಹೊತ್ತ ದೋಣಿ ನೀರಿನ ಮೇಲೇರದು. ಹಾಗಾದರೆ ಭಾರವಿಲ್ಲದೆ ಮಗುಚುವುದನ್ನು ತಡೆಯುವುದು ಹೇಗೆ?

ಹಿಂದಿನ ಕಾಲದ ಏತವನ್ನು ನೆನೆಯಿರಿ. ಬಾವಿಯ ಮೇಲಿನ ಉದ್ದನೆಯ ಮರದ ತೊಲೆಯ ಮೇಲೆ ಆಳು ಅತ್ತಿತ್ತ ನಡೆದಾಡುತ್ತಿದ್ದನು. ಅವನು ತುದಿಯ ಕಡೆಗೆ ನಡೆದಂತೆಲ್ಲ ನೀರು ತುಂಬಿದ ಬಾನಿ ಮೇಲೇಳುತ್ತಿತ್ತು. ಅವನ ತೂಕ ಬದಲಾಗಲಿಲ್ಲ. ಆಧಾರದಿಂದ ಅವನ ದೂರ ಬದಲಾಯಿತು. ಬಲವನ್ನು ದೂರದಿಂದ ಗುಣಿಸಿದಾಗ ಬರುವ ಭ್ರಾಮಕವೇ ಇಲ್ಲಿ ಕೆಲಸ ಮಾಡುವುದು.

ಡಿಂಗಿಯ ನಾವಿಕನೂ ಗಾಳಿ ಬರುವ ಕಡೆಯ ಅಂಚಿನ ಮೇಲೆ ಕುಳಿತು, ಪಾದಗಳನ್ನು ಪಟ್ಟಿಗೆ ಸಿಕ್ಕಿಸಿ, ಮೈಯನ್ನು ಹೊರಕ್ಕೆ ಚಾಚುತ್ತಾನೆ. 1938ರಲ್ಲಿ ಇಂಗ್ಲೆಂಡಿನ ಪೀಟರ್ ಸ್ಕಾಟ್ ಮತ್ತು ಜಾನ್ ವಿಂಟರ್ ಎಂಬಿಬ್ಬರು ‘ಥಂಡರ್ ಅಂಡ್ ಲೈಟ್ನಿಂಗ್’ ಎಂಬ ದೋಣಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಾಯಿಕಂಬದ ಮೇಲ್ಭಾಗದಿಂದ ಒಂದು ತಂತಿಯನ್ನು ಇಳಿಬಿಟ್ಟು, ಸೊಂಟಕ್ಕೆ ಕಟ್ಟಿದ ಪಟ್ಟಿಗೆ ಅದನ್ನು ಸಿಕ್ಕಿಸಿಕೊಂಡು, ಪಾದಗಳು ಮಾತ್ರ ದೋಣಿಯ ಅಂಚಿನಲ್ಲಿರುವಂತೆ ನೀರಿನ ಮೇಲೆ ನೀಳವಾಗಿ ನಿಂತರು. ಇದೇ ಟ್ರಪೀಜ್. ಪ್ರಿನ್ಸ್ ಆಫ್ ವೇಲ್ಸ್ ಕಪ್ ಎಂಬ ಹೆಸರಾಂತ ಪಂದ್ಯವನ್ನು ಅವರು ಗೆದ್ದರು. ಗೆದ್ದ ಮೇಲೆ ಈ ಸಲಕರಣೆಯನ್ನು ಆ ವರ್ಗದಲ್ಲಿ ನಿಷೇಧಿಸಲಾಯಿತು! ಮುಂದೆ ಬಂದ ಫ್ಲೈಯಿಂಗ್ ಡಚ್‌ಮನ್ ಮೊದಲಾದ ವರ್ಗಗಳು ಅದನ್ನು ಒಪ್ಪಿಕೊಂಡವು.

49ಈಆರ್‌ನಲ್ಲಿ ಇಬ್ಬರೂ ಹೀಗೆ ನಿಲ್ಲುತ್ತಾರೆ. ದೋಣಿಯ ಎರಡೂ ಪಕ್ಕಗಳಿಗೆ ರೆಕ್ಕೆಗಳಂಥ ಚಾಚುಗಳಿದ್ದು, ಒಟ್ಟು ಅಗಲ ಸುಮಾರು 2.9 ಮೀಟರಾಗುತ್ತದೆ. ಒಬ್ಬೊಬ್ಬರೂ 80 ಕೆ.ಜಿ. ತೂಗುವರೆಂದು ಇಟ್ಟುಕೊಳ್ಳೋಣ. ರೆಕ್ಕೆಯ ಅಂಚಿನಲ್ಲಿ ನಿಂತಾಗ ಅವರ ಗುರುತ್ವಕೇಂದ್ರ ದೋಣಿಯ ನಡುಗೆರೆಯಿಂದ ಸುಮಾರು 2.4 ಮೀಟರು ದೂರವಿರುತ್ತದೆ. 160ನ್ನು 2.4ರಿಂದ ಗುಣಿಸಿದರೆ 384. ಅವರೇ ಒಂದೂವರೆ ಮೀಟರು ಅಗಲದ ಸಾಧಾರಣ ಡಿಂಗಿಯ ಅಂಚಿನಲ್ಲಿ ಕುಳಿತು ಮೈ ಚಾಚಿದರೆ ದೂರ ಸುಮಾರು 1 ಮೀಟರು. ಗುಣಲಬ್ಧ 160 ಮಾತ್ರ. ಹಾಯಿಯ ಬಲ ಮೂರೂವರೆ ಮೀಟರು ಎತ್ತರದಲ್ಲಿ ವರ್ತಿಸುವುದಾದರೆ ಮೊದಲನೆಯವರು ಸುಮಾರು 110 ಕೆ.ಜಿ. ತೂಕದಷ್ಟು ಪಕ್ಕದ ಬಲವನ್ನು ತಡೆಯಬಲ್ಲರು, ಎರಡನೆಯವರು 46 ಕೆ.ಜಿ.ಯಷ್ಟನ್ನು ಮಾತ್ರ. ದೋಣಿಗೆ ಒಂದು ಕಿಲೋಗ್ರಾಮನ್ನೂ ಸೇರಿಸದೆ ಬಲವನ್ನು ಎರಡು ಪಟ್ಟಿಗೂ ಮಿಕ್ಕಿ ಹೆಚ್ಚಿಸಿದಂತಾಯಿತು.

ದೋಣಿ ಬೆಳೆದ ಬಗೆ

ಪಂದ್ಯದ ಡಿಂಗಿಗಳಲ್ಲಿ ಎರಡು ಬಗೆಯ ವರ್ಗಗಳಿವೆ. ಒಂದರಲ್ಲಿ ಎಲ್ಲ ದೋಣಿಗಳೂ ಒಂದೇ ಅಚ್ಚಿನವು. ಅಲ್ಲಿ ಪರೀಕ್ಷೆ ನಾವಿಕನಿಗೆ. ಇನ್ನೊಂದರಲ್ಲಿ ಉದ್ದ, ಹಾಯಿಯ ವಿಸ್ತಾರ ಮೊದಲಾದ ಕೆಲವು ಮಿತಿಗಳನ್ನು ಮಾತ್ರ ಹಾಕಿ, ಉಳಿದುದನ್ನು ಕಟ್ಟುವವನ ಜಾಣ್ಮೆಗೆ ಬಿಟ್ಟಿರುತ್ತಾರೆ. ಅಲ್ಲಿ ದೋಣಿಗೂ ಪರೀಕ್ಷೆ. ಹೊಸತನವೆಲ್ಲ ಹುಟ್ಟುವುದು ಎರಡನೆಯ ಬಗೆಯಲ್ಲಿ; ಅದು ಬೇರೂರುವುದು ಮೊದಲನೆಯದರಲ್ಲಿ.

ಎರಡನೆಯ ಮಹಾಯುದ್ಧದ ತರುವಾಯ ನೀರಿಗೆ ಬಿಚ್ಚಿಕೊಳ್ಳದ ಅಂಟಿನಿಂದ ಕೂಡಿಸಿದ ಪ್ಲೈವುಡ್ ಬಂದುದರಿಂದ ಬಡಗಿಯಲ್ಲದವನೂ ದೋಣಿ ಕಟ್ಟುವಂತಾಯಿತು. 1962ರ ‘ಮಿರರ್’ ಡಿಂಗಿಯನ್ನು ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಗಾಜಿನ ನಾರಿನ ಪಟ್ಟಿ ಅಂಟಿಸಿ ಮನೆಯಲ್ಲಿಯೇ ಕಟ್ಟಬಹುದಾಗಿತ್ತು. ಅದೇ ವರ್ಷ ಪೀಟರ್ ಮಿಲ್ನ್ ರೂಪಿಸಿದ ‘ಫೈರ್‌ಬಾಲ್’ ಚಪ್ಪಟೆ ಮೂತಿಯ, ಟ್ರಪೀಜ್ ಉಳ್ಳ, ಬೇಗ ನೀರಿನ ಮೇಲೇರುವ ಡಿಂಗಿ. ಇದಕ್ಕೂ ನಮಗೂ ನಂಟುಂಟು: 1982ರ ದೆಹಲಿ ಏಷ್ಯನ್ ಕ್ರೀಡೆಗಳ ಅಂಗವಾಗಿ ಮುಂಬಯಿಯಲ್ಲಿ ನಡೆದ ಪಂದ್ಯಗಳಲ್ಲಿ ಫರೂಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಭಾರತಕ್ಕೆ ಚಿನ್ನ ತಂದುದು ಫೈರ್‌ಬಾಲ್‌ನಲ್ಲಿಯೇ.

ಅತ್ತ ಆಸ್ಟ್ರೇಲಿಯಾದ ಸಿಡ್ನಿ ಬಂದರಿನಲ್ಲಿ ಬೇರೊಂದು ಪರಂಪರೆ ಬೆಳೆದಿತ್ತು. ಅಲ್ಲಿನ 18 ಅಡಿಯ ದೋಣಿಗಳು ಮೊದಲಿಗೆ ಅಗಲವಾದ ಒಡಲಿನ ಮೇಲೆ ಬೃಹತ್ತಾದ ಹಾಯಿಗಳನ್ನೂ ಹಲವು ಆಳುಗಳನ್ನೂ ಹೊರುತ್ತಿದ್ದವು. ದಶಕಗಳು ಕಳೆದಂತೆ ಒಡಲು ಹಗುರವಾಯಿತು, ಆಳುಗಳ ಸಂಖ್ಯೆ ಮೂರಕ್ಕಿಳಿಯಿತು, ಪಕ್ಕಗಳಿಗೆ ರೆಕ್ಕೆಗಳು ಬಂದವು. ವಿಮಾನ ನಡೆಸಿದವನೂ ಹವಾಮಾನವನ್ನು ಬಲ್ಲವನೂ ಆದ ಫ್ರಾಂಕ್ ಬೆತ್‌ವೇಟ್ ಈ ದೋಣಿಗಳ ಗಾಳಿ ನೀರುಗಳ ಲೆಕ್ಕವನ್ನು ಬಿಡಿಸಿ ದೊಡ್ಡ ಗ್ರಂಥವನ್ನೇ ಬರೆದನು. ಅವನ ಮಗ ಜೂಲಿಯನ್ ಬೆತ್‌ವೇಟ್ ಆ ಅನುಭವವನ್ನೆಲ್ಲ ಇಬ್ಬರಿಗೆ ಸಾಲುವ ಪುಟ್ಟ ದೋಣಿಗೆ ಇಳಿಸಿದನು. 4.99 ಮೀಟರು ಉದ್ದವಿರುವುದರಿಂದ ಅದಕ್ಕೆ 49ಈಆರ್ ಎಂದು ಹೆಸರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡಿತು. ಅದರ ಒಡಲಿನ ತೂಕ ಸುಮಾರು 94 ಕೆ.ಜಿ.; ಅಂದರೆ ಬಂಡಿಗಿಂತ ಸವಾರರೇ ಭಾರ. ಮೇಲಿನ ಎರಡು ಹಾಯಿಗಳ ವಿಸ್ತಾರ ಸುಮಾರು 21 ಚದರ ಮೀಟರು; ಗಾಳಿಯ ದಿಕ್ಕಿಗೆ ಹೋಗುವಾಗ ಬಿಚ್ಚುವ ಉಬ್ಬುಹಾಯಿ ಸುಮಾರು 38 ಚದರ ಮೀಟರು.

ಇದಕ್ಕೂ ಮುಂದಿನ ಹೆಜ್ಜೆ ‘ಮಾತ್’ ಎಂಬ ಒಬ್ಬನೇ ನಡೆಸುವ ಡಿಂಗಿಯಲ್ಲಿ ಕಾಣುತ್ತದೆ. ಅದರ ನಡುಹಲಗೆಗೂ ಚುಕ್ಕಾಣಿಗೂ ನೀರಿನೊಳಗೆ ಚಿಕ್ಕ ಅಡ್ಡರೆಕ್ಕೆಗಳಿವೆ. ವೇಗ ಬಂದೊಡನೆ ಆ ರೆಕ್ಕೆಗಳು ದೋಣಿಯ ಒಡಲನ್ನೇ ನೀರಿನಿಂದ ಮೇಲಕ್ಕೆತ್ತುತ್ತವೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದರಿಂದ ಅಂಗೈಯಗಲದ ರೆಕ್ಕೆಯೂ ಮನುಷ್ಯನನ್ನು ಹೊರಬಲ್ಲುದು. ಮೂತಿಯಿಂದ ನೀರಿಗೆ ತಾಗುವಂತೆ ಇಳಿಬಿಟ್ಟ ಕಡ್ಡಿಯೊಂದು ಎತ್ತರವನ್ನು ಅರಿತು, ರೆಕ್ಕೆಯ ಅಂಚನ್ನು ತಾನಾಗಿ ತಿದ್ದುತ್ತಿರುತ್ತದೆ. ಇಂಥ ದೋಣಿಗಳು ಗಂಟೆಗೆ 55 ಕಿ.ಮೀ. ವೇಗವನ್ನು ಮೀರಿವೆ. ಫ್ರೌಡ್ ಅಳೆದ ಅಲೆಯ ತಡೆ ಅಲ್ಲಿ ಹೆಚ್ಚುಕಡಮೆ ಇಲ್ಲವೇ ಇಲ್ಲ.

ತೊಡಗುವ ಕ್ರಮ

ಇಷ್ಟನ್ನು ಓದಿದ ಉತ್ಸಾಹಿಗಳಿಗೆ ನೇರವಾಗಿ 49ಈಆರ್ ಹತ್ತುವ ಬಯಕೆ ಹುಟ್ಟಬಹುದು. ಅದು ಸಾಧುವಲ್ಲ. ಆ ದೋಣಿಯನ್ನು ನೀರಿನಲ್ಲಿ ಬಿಟ್ಟು ಕೈ ತೆಗೆದರೆ ನಿಂತಲ್ಲಿಯೇ ಮಗುಚುತ್ತದೆ. ಸೈಕಲ್ಲಿನಂತೆ ಅದು ನಿಲ್ಲುವುದು ಓಟದಿಂದ, ಸವಾರರ ಮೈಯ ಸಮತೋಲದಿಂದ. ಅಷ್ಟೇ ಅಲ್ಲ, ಬಿರುಗಾಳಿ ಬಡಿದಾಗ ನಿಧಾನದ ದೋಣಿಯಲ್ಲಿ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿ ಉಳಿದುಕೊಳ್ಳಬಹುದು. ಉಬ್ಬುಹಾಯಿ ಬಿಚ್ಚಿದ ಅತಿವೇಗದ ದೋಣಿಯಲ್ಲಿ ಹಾಗೆ ಮಾಡಿದರೆ ಕ್ಷಣದಲ್ಲಿ ನೀರು ಸೇರಬೇಕಾಗುತ್ತದೆ; ಅಲ್ಲಿ ಗಾಳಿಯಿಂದ ದೂರಕ್ಕೆ ತಿರುಗಿ ಇನ್ನೂ ವೇಗವಾಗಿ ಓಡುವುದೇ ಕ್ಷೇಮ. ಈ ವ್ಯತ್ಯಾಸ ಬುದ್ಧಿಗೆ ತಿಳಿದರೆ ಸಾಲದು, ಮೈಗೆ ಹತ್ತಬೇಕು.

ಆದುದರಿಂದ ಕಲಿಕೆಗೆ ಒಂದು ಕ್ರಮವಿದೆ. ಮೊದಲನೆಯದು ಈಜು. ಈಜು ಬಂದರೂ ತೇಲುಜಾಕೀಟಿಲ್ಲದೆ ದೋಣಿ ಹತ್ತಬಾರದು. ಎರಡನೆಯದು ಮಗುಚಿದ ದೋಣಿಯನ್ನು ಎತ್ತುವುದು. ನಡುಹಲಗೆಯ ಮೇಲೆ ನಿಂತು, ಅಂಚನ್ನು ಹಿಡಿದು ಹಿಂದಕ್ಕೆ ವಾಲಿದರೆ ನಿಮ್ಮ ತೂಕವೇ ಸನ್ನೆಯಾಗಿ ಹಾಯಿಕಂಬವನ್ನು ಎತ್ತುತ್ತದೆ. ಏನಾದರೂ ಸರಿಯೆ, ದೋಣಿಯನ್ನು ಬಿಟ್ಟು ದಡದ ಕಡೆಗೆ ಈಜಬಾರದು. ಮಗುಚಿದ ದೋಣಿಯೂ ತೇಲುತ್ತದೆ, ದೂರದಿಂದ ಕಾಣುತ್ತದೆ. ಮೂರನೆಯದು ಗಾಳಿಯನ್ನು ಓದುವುದು. ಕಣದಲ್ಲಿ ರಾಶಿ ತೂರುವ ರೈತ ಒಂದು ಹಿಡಿ ಹೊಟ್ಟನ್ನು ತೂರಿ ಗಾಳಿಯ ದಿಕ್ಕನ್ನೂ ಬಿರುಸನ್ನೂ ಅಳೆಯುತ್ತಾನೆ. ನಾವಿಕ ಅದನ್ನು ನೀರಿನ ಮೇಲಿನ ಕಪ್ಪು ಸುಕ್ಕುಗಳಿಂದ, ಹಾಯಿಗೆ ಅಂಟಿಸಿದ ಉಣ್ಣೆಯ ಎಳೆಗಳಿಂದ ಅಳೆಯುತ್ತಾನೆ. ಹೊಸಬರು ಹಾಯಿಯನ್ನು ಬಿಗಿಯಾಗಿ ಎಳೆದಿಟ್ಟರೆ ವೇಗ ಬರುವುದೆಂದು ತಿಳಿಯುತ್ತಾರೆ. ಹಾಗಲ್ಲ. ಅಂಚು ನಡುಗುವವರೆಗೆ ಸಡಿಲಿಸಿ, ನಡುಕ ನಿಲ್ಲುವಷ್ಟು ಮಾತ್ರ ಎಳೆಯಬೇಕು.

ದೋಣಿಗಳ ಮೆಟ್ಟಿಲುಗಳೂ ಹೀಗೆಯೇ ಇವೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ‘ಆಪ್ಟಿಮಿಸ್ಟ್’: 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಅಗ್ಗವಾಗಿ ಕಟ್ಟಬಹುದಾದ ದೋಣಿಯೆಂದು ರೂಪಿಸಿದ, 2.3 ಮೀಟರು ಉದ್ದದ, 35 ಕೆ.ಜಿ. ತೂಕದ ಪೆಟ್ಟಿಗೆ ಆಕಾರದ ಡಿಂಗಿ. ಕಾಲೇಜು ವಿದ್ಯಾರ್ಥಿಗಳು ‘ಐಎಲ್‌ಸಿಎ’ಯಿಂದ ತೊಡಗಬಹುದು, ಮೊದಲು ‘ಲೇಸರ್’ ಎಂದು ಕರೆಯುತ್ತಿದ್ದುದು ಇದನ್ನೇ. 4.23 ಮೀಟರಿನ ಅದರ ಒಡಲು ಒಂದೇ. ಹಾಯಿ ಮಾತ್ರ 4.7, 5.8, 7.1 ಚದರ ಮೀಟರುಗಳ ಆಸುಪಾಸಿನ ಮೂರು ಅಳತೆಗಳಲ್ಲಿ ದೊರೆಯುತ್ತದೆ. ಮೈತೂಕವೂ ಕಸುವೂ ಬೆಳೆದಂತೆ ಹಾಯಿಯನ್ನು ಬದಲಿಸುತ್ತ ಹೋಗಬಹುದು. ಆಮೇಲೆ ಇಬ್ಬರ ದೋಣಿಗಳು: ‘ಎಂಟರ್‌ಪ್ರೈಸ್’, ಒಬ್ಬರಿಗೆ ಟ್ರಪೀಜ್ ಇರುವ ‘420’, ಬಳಿಕ 49ಈಆರ್‌ನ ತಮ್ಮನಂತಿರುವ 4.4 ಮೀಟರಿನ ‘29ಈಆರ್’. ಇವೆಲ್ಲ ಕೈವಶವಾದ ಮೇಲೆ 49ಈಆರ್. ಮಹಿಳೆಯರಿಗೆ ಅದೇ ಒಡಲಿನ ಮೇಲೆ ಚಿಕ್ಕ ಹಾಯಿಗಳುಳ್ಳ ‘49ಈಆರ್ ಎಫ್‌ಎಕ್ಸ್’.

ಒಣನಾಡಿನವರ ಪಾಲು

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳಿಂದ ಸಮುದ್ರ ಘಟ್ಟದಾಚೆಯ ಮಾತು. ಹತ್ತಿ, ಮೆಣಸಿನಕಾಯಿಗಳ ಈ ಸೀಮೆಯಲ್ಲಿ ಹಾಯಿದೋಣಿಯ ಮಾತೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಮಧ್ಯಪ್ರದೇಶದಿಂದ ಬಂದಿದೆ. ಸಮುದ್ರವೇ ಇಲ್ಲದ ಆ ರಾಜ್ಯದ ದೇವಾಸ್ ಜಿಲ್ಲೆಯ ರೈತ ಕುಟುಂಬದ ನೇಹಾ ಠಾಕೂರ್ ಭೋಪಾಲದ ಕೆರೆಯ ದಂಡೆಯಲ್ಲಿರುವ ರಾಷ್ಟ್ರೀಯ ನೌಕಾಯಾನ ಶಾಲೆಯಲ್ಲಿ ಕಲಿತು, 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಐಎಲ್‌ಸಿಎ-4 ವರ್ಗದ ಬೆಳ್ಳಿ ಪದಕ ಗೆದ್ದಳು. ಅದೇ ಕ್ರೀಡೆಗಳಲ್ಲಿ ಐಎಲ್‌ಸಿಎ-7ರ ಕಂಚು ಗೆದ್ದ ವಿಷ್ಣು ಸರವಣನ್, ಬೆಂಗಳೂರಿನಲ್ಲಿ ನೆಲೆಯಿರುವ ಮದರಾಸು ಎಂಜಿನಿಯರ್ ಗ್ರೂಪಿನ ಯೋಧ. ಟೋಕಿಯೋ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದವರು.

ಒಳನಾಡಿನ ಕೆರೆಗೆ ತನ್ನದೇ ಆದ ಗುಣವೂ ಉಂಟು. ಸಮುದ್ರದ ಗಾಳಿ ಹೆಚ್ಚಾಗಿ ಒಂದೇ ಹದದಲ್ಲಿ ಬೀಸುತ್ತದೆ. ಕೆರೆಯ ಗಾಳಿ ಗುಡ್ಡ, ಮರ, ಮನೆಗಳನ್ನು ಬಳಸಿ ಬರುವುದರಿಂದ ಗಳಿಗೆಗೊಮ್ಮೆ ದಿಕ್ಕು ಬದಲಿಸುತ್ತದೆ. ಅಲ್ಲಿ ಕಲಿತವರ ಕಣ್ಣು ಚುರುಕಾಗುತ್ತದೆ. ನಮ್ಮ ಬಯಲುಸೀಮೆಯ ಆಷಾಢದ ಗಾಳಿಯ ಬಿರುಸನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಕರ್ನಾಟಕದಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ನಾವಿಕರು ಅಭ್ಯಾಸ ನಡೆಸುತ್ತಾರೆ. ಮೈಸೂರಿನ ಬಳಿಯ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ಬಿದೆ. ಎನ್‌ಸಿಸಿಯ ನೌಕಾ ವಿಭಾಗದ ವಿದ್ಯಾರ್ಥಿಗಳಿಗೆ ಹುಟ್ಟು ಹಾಕುವುದರ ಜೊತೆಗೆ ಹಾಯಿ ನಡೆಸುವುದನ್ನೂ ಕಲಿಸುತ್ತಾರೆ. ಆ ವಿಭಾಗವಿರುವ ಊರಿಗೆ ಓದಲು ಹೋಗುವವರು ಈ ಅವಕಾಶವನ್ನು ಬಿಡಬಾರದು. ಒಂದು ಎಚ್ಚರಿಕೆಯ ಮಾತನ್ನು ಮಾತ್ರ ಇಲ್ಲಿ ಹೇಳಲೇಬೇಕು. ತುಂಗಭದ್ರೆಯ ಹೊಳೆಯಲ್ಲಿ ಸೆಳವಿದೆ, ಮರಳು ತೆಗೆದ ಗುಂಡಿಗಳಿವೆ, ಮೊಸಳೆಗಳೂ ಇವೆ. ಅಲ್ಲಿಯಾಗಲಿ, ಅನುಮತಿಯಿಲ್ಲದ ಜಲಾಶಯದಲ್ಲಾಗಲಿ ತಾವೇ ಕಟ್ಟಿದ ದೋಣಿಯನ್ನು ಇಳಿಸಿ ಪ್ರಯೋಗ ಮಾಡಬಾರದು. ತಿಳಿದವರ ಕಣ್ಣೆದುರಿನಲ್ಲಿ, ಬೆನ್ನಟ್ಟಿ ಬರುವ ರಕ್ಷಣೆಯ ದೋಣಿಯಿರುವಲ್ಲಿ ಮಾತ್ರ ಕಲಿಯಬೇಕು.

ಟೋಕಿಯೋದ 17ನೆಯ ಸ್ಥಾನಕ್ಕೂ ಮೊದಲನೆಯ ಸ್ಥಾನಕ್ಕೂ ನಡುವಿನ ಅಂತರವನ್ನು ದೋಣಿಯಿಂದ ವಿವರಿಸಲಾಗದು. 49ಈಆರ್ ಒಂದೇ ಅಚ್ಚಿನ ದೋಣಿ, ಎಲ್ಲರದೂ ಒಂದೇ. ವ್ಯತ್ಯಾಸವಿರುವುದು ನೀರಿನ ಮೇಲೆ ಕಳೆದ ಗಂಟೆಗಳಲ್ಲಿ, ಜೊತೆಯಲ್ಲಿ ಓಡಿ ಸೋಲಿಸುವ ಸಮಬಲರ ಸಂಖ್ಯೆಯಲ್ಲಿ. ಇಬ್ಬರೇ ಓಡಿದರೆ ಒಬ್ಬ ಯಾವಾಗಲೂ ಎರಡನೆಯವನಾಗುತ್ತಾನೆ, ಇಬ್ಬರೂ ಬೆಳೆಯುವುದಿಲ್ಲ. ಇಪ್ಪತ್ತು ದೋಣಿಗಳು ಒಂದೇ ಕೆರೆಯಲ್ಲಿ ಓಡಿದರೆ ಇಪ್ಪತ್ತನೆಯವನೂ ಕಲಿಯುತ್ತಾನೆ. ಕರ್ನಾಟಕಕ್ಕೆ ಕೆರೆಗಳ ಕೊರತೆಯಿಲ್ಲ, ಜಲಾಶಯಗಳ ಕೊರತೆಯಿಲ್ಲ, ಗಾಳಿಯ ಕೊರತೆಯಂತೂ ಇಲ್ಲವೇ ಇಲ್ಲ. ಒಂದು ಜಲಾಶಯದ ದಂಡೆಯಲ್ಲಿ ಹತ್ತು ಆಪ್ಟಿಮಿಸ್ಟುಗಳು, ಒಬ್ಬ ತರಬೇತುದಾರ, ಒಂದು ರಕ್ಷಣೆಯ ದೋಣಿ, ಶಾಲೆಯ ಮಕ್ಕಳು: ತೊಡಗುವುದಕ್ಕೆ ಇಷ್ಟು ಸಾಕು. ಉಳಿದುದನ್ನು ಗಾಳಿಯೂ ನೀರೂ ತಾವೇ ಕಲಿಸುತ್ತವೆ.